ಜ್ವರ ಬಿಟ್ಟರೂ ಕೀಲು ನೋವು ಬಿಡಲಿಲ್ಲವಾ? ಚಿಕೂನ್‌ಗುನ್ಯಾ ಆದ ಮೇಲೆ ರೈತರು ತಿಳಿಯಬೇಕಾದದ್ದು

ಈ ವಾರ ಗೊಬ್ಬರ, ಬೀಜದ ವಿಷಯ ಅಲ್ಲ. ನಮ್ಮ ಕೈಕಾಲಿನ ವಿಷಯ.

ಎರಡು ವರ್ಷದ ಹಿಂದೆ, ರಾಗಿಗೆ ಕುಂಟೆ ಹೊಡೆಯೋ ಟೈಮಲ್ಲಿ ನನಗೆ ಚಿಕೂನ್‌ಗುನ್ಯಾ ಬಂತು. ನಾಲ್ಕು ದಿನ ವಿಪರೀತ ಜ್ವರ, ಮೈಮೇಲೆಲ್ಲ ಕೆಂಪು ಗುಳ್ಳೆ. ಐದನೇ ದಿನ ಜ್ವರ ಬಿಡ್ತು. ಮುಗೀತು ಅಂದ್ಕೊಂಡು ಬೆಳಿಗ್ಗೆ ಹಾಲು ಕರೆಯೋಕೆ ಕೂತರೆ ಬೆರಳು ಮಡಚೋಕೇ ಆಗಲಿಲ್ಲ. ಎದ್ದು ನಿಲ್ಲೋಕೆ ಕೊಟ್ಟಿಗೆಯ ಕಂಬ ಹಿಡಿಯಬೇಕಾಯ್ತು.

ಒಂದು ತಿಂಗಳು ಎಲ್ಲರೂ ಪಾಪ ಅಂದರು. ಎರಡನೇ ತಿಂಗಳಿಗೆ ಮಾತು ಬದಲಾಯ್ತು. ಟೀ ಅಂಗಡಿಯಲ್ಲಿ ಒಬ್ಬರು, "ಮೊಬೈಲ್ ಒತ್ತೋಕೆ ಬೆರಳು ಚೆನ್ನಾಗೇ ಆಡುತ್ತಲ್ಲ, ಕುಡುಗೋಲು ಹಿಡಿಯೋಕೆ ಮಾತ್ರ ನೋವಾ?" ಅಂದರು. ಎಲ್ಲರೂ ನಕ್ಕರು. ನನಗೆ ಕೋಪ ಬರಲಿಲ್ಲ, ನಾಚಿಕೆ ಆಯ್ತು. ಯಾಕಂದ್ರೆ 2006ರಲ್ಲಿ ಅಪ್ಪನಿಗೆ ಇದೇ ಕಾಯಿಲೆ ಬಂದು ಸಂಕ್ರಾಂತಿವರೆಗೂ ಕೋಲು ಹಿಡಿದು ಓಡಾಡಿದಾಗ, "ಅಪ್ಪ ಕೆಲಸ ತಪ್ಪಿಸೋಕೆ ನಾಟಕ ಮಾಡ್ತಾರೆ" ಅಂತ ಅಮ್ಮನ ಹತ್ತಿರ ಹೇಳಿದ್ದವನು ನಾನೇ. ಅಪ್ಪ ಜಗಲಿ ಮೇಲೇ ಇದ್ದರು. ಕೇಳಿಸಿಕೊಂಡರು, ಏನೂ ಅನ್ನಲಿಲ್ಲ.

ಇದು ನಾಟಕ ಅಲ್ಲ

ಈ ವೈರಸ್ಸನ್ನು ಮೊದಲು ಗುರುತಿಸಿದ್ದು 1950ರ ದಶಕದ ಆರಂಭದಲ್ಲಿ, ಈಗಿನ ಟಾಂಜಾನಿಯಾ ದೇಶದಲ್ಲಿ. ಅಲ್ಲಿನ ಮಕೊಂಡೆ ಭಾಷೆಯಲ್ಲಿ 'ಚಿಕೂನ್‌ಗುನ್ಯಾ' ಅಂದ್ರೆ ನೋವಿಗೆ ಮೈ ಬಾಗಿಹೋಗೋದು ಅಂತ ಅರ್ಥ. ಕೋಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಸರು ಕೇಳಿ ನಮ್ಮ ಕಡೆ ಎಷ್ಟೋ ಜನ ಕೋಳಿ ತಿನ್ನೋದೇ ಬಿಟ್ಟಿದ್ದರು! 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ ವರದಿಯಾದವು. ಅದರಲ್ಲಿ ಸುಮಾರು 7.5 ಲಕ್ಷ, ಅಂದ್ರೆ ಅರ್ಧಕ್ಕಿಂತ ಹೆಚ್ಚು, ನಮ್ಮ ಕರ್ನಾಟಕದ್ದೇ.

ವೈರಸ್ ಸಾಮಾನ್ಯವಾಗಿ ಒಂದು ವಾರದಲ್ಲಿ ರಕ್ತದಿಂದ ಹೋಗುತ್ತೆ. ಆದರೆ ಅದರಿಂದ ಕೀಲುಗಳಲ್ಲಿ ಎದ್ದ ಉರಿಯೂತ ಅಷ್ಟು ಬೇಗ ಇಳಿಯಲ್ಲ. ಒಲೆ ಆರಿದ ಮೇಲೂ ಬೂದಿಯೊಳಗೆ ಕೆಂಡ ಇರುತ್ತಲ್ಲ, ಹಾಗೆ. ಬಹಳ ಜನಕ್ಕೆ ಕೆಲವು ವಾರದಲ್ಲಿ ಗುಣ ಆಗುತ್ತೆ. ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ನೋವು ಉಳಿಯುತ್ತೆ. ಬೆರಳು, ಮಣಿಕಟ್ಟು, ಪಾದದ ಗಂಟಿನಲ್ಲಿ ಹೆಚ್ಚು. ಬೆಳಿಗ್ಗೆ ಬಿಗಿತ ಜಾಸ್ತಿ, ಮಧ್ಯಾಹ್ನಕ್ಕೆ ಸ್ವಲ್ಪ ಸಡಿಲ. ಅದಕ್ಕೇ ಸಂಜೆ ಟೀ ಅಂಗಡಿಯಲ್ಲಿ ನೋಡಿದವರಿಗೆ ನಾವು ಆರಾಮಾಗಿ ಕಾಣ್ತೀವಿ. ಎಕ್ಸ್‌ರೇ ಮಾಡಿಸಿದರೂ ಸಾಮಾನ್ಯವಾಗಿ ಮೂಳೆ ಸರಿಯಾಗೇ ಕಾಣುತ್ತೆ. ಊದಿರೋದು ಕೀಲಿನ ಒಳಪೊರೆ.

ಏನು ಮಾಡಬೇಕು?

1. ಜ್ವರ ಬಂದಾಗಲೇ ರಕ್ತ ಪರೀಕ್ಷೆ ಮಾಡಿಸಿ, ವರದಿಯ ಫೋಟೋ ಮೊಬೈಲ್‌ನಲ್ಲಿ ಇಟ್ಕೊಳ್ಳಿ. ಮುಂದೆ ನೋವು ಉಳಿದರೆ ಡಾಕ್ಟರಿಗೆ ತೋರಿಸೋಕೆ ಅದೇ ಆಧಾರ.

2. ಡೆಂಗೆ ಅಲ್ಲ ಅಂತ ಖಚಿತ ಆಗೋವರೆಗೂ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಡೆಂಗೆಯಲ್ಲಿ ಅವು ರಕ್ತಸ್ರಾವ ಹೆಚ್ಚಿಸಬಹುದು.

3. "ಒಂದು ಇಂಜೆಕ್ಷನ್, ಎಲ್ಲ ಸರಿ" ಅನ್ನೋರ ಹತ್ತಿರ ಹೋಗಬೇಡಿ. ನಾನು ಎರಡು ಸಲ ಹಾಕಿಸ್ಕೊಂಡೆ. ವಾರ ಆರಾಮ, ಆಮೇಲೆ ಮತ್ತೆ ಅದೇ. ಅದು ಸ್ಟೀರಾಯ್ಡ್ ಅಂತ ಆಮೇಲೆ ಗೊತ್ತಾಯ್ತು. ನೋವಿನ ಮಾತ್ರೆಯನ್ನೂ ತಿಂಗಳುಗಟ್ಟಲೆ ನೀವೇ ನುಂಗಿದರೆ ಹೊಟ್ಟೆ, ಕಿಡ್ನಿ ಹಾಳಾಗುತ್ತೆ.

4. ಮೂರು ತಿಂಗಳಾದರೂ ಊತ, ಬಿಗಿತ ಹೋಗದಿದ್ದರೆ ಕೀಲುವಾತದ ತಜ್ಞರನ್ನು ನೋಡಿ. ಇದಕ್ಕೆ ಚಿಕಿತ್ಸೆ ಇದೆ.

5. ಪೂರ್ತಿ ಮಲಗಲೂ ಬೇಡಿ, ಹಟಕ್ಕೆ ಬಿದ್ದು ದುಡಿಯಲೂ ಬೇಡಿ. ಬೆಳಿಗ್ಗೆ ಬಿಸಿನೀರಲ್ಲಿ ಕೈಯಿಟ್ಟು ಬೆರಳು ಆಡಿಸಿ. ಭಾರದ ಕೆಲಸ ಬಿಗಿತ ಇಳಿದ ಮೇಲೆ ಇಟ್ಕೊಳ್ಳಿ. ಕೈಪಂಪಿನ ಬದಲು ಬ್ಯಾಟರಿ ಸ್ಪ್ರೇಯರ್ ಬಳಸಿ. ನಾನು ಕೊಯ್ಲಿಗೆ ಮುಯ್ಯಾಳು ಕರೆದೆ, ಮುಂದಿನ ವರ್ಷ ಹೋಗಿ ತೀರಿಸಿದೆ.

ತೋಟದಲ್ಲೇ ಇದೆ ಮೂಲ

ಇದನ್ನ ಹರಡೋ ಈಡಿಸ್ ಸೊಳ್ಳೆ ಕಚ್ಚೋದು ಹೆಚ್ಚಾಗಿ ಹಗಲು ಹೊತ್ತಲ್ಲಿ, ಮೊಟ್ಟೆ ಇಡೋದು ನಿಂತ ತಿಳಿನೀರಲ್ಲಿ. ತೆಂಗಿನ ಚಿಪ್ಪು, ಉದುರಿದ ಅಡಿಕೆ ಹಾಳೆ, ಹಳೇ ಟೈರು, ಔಷಧಿ ಕಲಸೋ ಡ್ರಮ್ಮು, ಯಾವುದೂ ಸಾಕು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ, ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿ ನೀರು ಚೆಲ್ಲಿ, ತಿಕ್ಕಿ ಒಣಗಿಸಿ. ದನಕ್ಕೆ ನೀರಿಡೋ ತೊಟ್ಟಿಯನ್ನೂ ಮರೀಬೇಡಿ.

ನನ್ನ ಬೆರಳು ಪೂರ್ತಿ ಮಡಚೋಕೆ ಹನ್ನೊಂದು ತಿಂಗಳು ಬೇಕಾಯ್ತು. ಅಷ್ಟು ದಿನವೂ ಬೆಳಿಗ್ಗೆ ಹಾಲು ಕರೆದದ್ದು ಅಪ್ಪ. ಒಂದು ದಿನ, "ಅವತ್ತು ನಾಟಕ ಅಂದಿದ್ದೆ, ತಪ್ಪಾಯ್ತು" ಅಂದೆ. ಅಪ್ಪ ಹಾಲಿನ ಬಕೆಟ್ ಎತ್ತಿಕೊಂಡು, "ಡ್ರಮ್ಮಿಗೆ ಮುಚ್ಚಳ ಹಾಕಿದ್ಯೇನೋ?" ಅಂದರು.

ನಿಮ್ಮ ಮನೆಯಲ್ಲೂ ಯಾರಾದ್ರೂ ಜ್ವರ ಬಿಟ್ಟ ಮೇಲೂ ನೋವು ಅಂತಿದ್ರೆ, ಮೊದಲು ನಂಬಿ. ಆಮೇಲೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.