ನಿಮಗಿದು ಗೊತ್ತೇ? ಫ್ರಾನ್ಸಿನಲ್ಲಿ ಕಾನೂನು ಮಾಡುವ ಅಧಿಕಾರವೂ ಸಾಲ ಸಿಗುತ್ತದೆ!

ಕಾನೂನು ಮಾಡುವುದು ಸಂಸತ್ತಿನ ಕೆಲಸ ತಾನೆ? ಫ್ರಾನ್ಸಿನ ಸಂಸತ್ತು ಆ ಕೆಲಸವನ್ನು ಸರ್ಕಾರಕ್ಕೇ ವಹಿಸಿಬಿಡಬಹುದು! 1958ರ ಸಂವಿಧಾನದ 38ನೇ ವಿಧಿ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಇಂಥ ವಿಷಯಕ್ಕೆ, ಇಷ್ಟು ತಿಂಗಳು ಎಂದು ಗಡುವು ಹಾಕಿ ಸಂಸತ್ತು ಒಪ್ಪಿಗೆ ಕೊಡುತ್ತದೆ. ಆಮೇಲೆ ಮಂತ್ರಿಮಂಡಲ ಹೊರಡಿಸುವ ಆಜ್ಞೆಗೆ ಅಲ್ಲಿ 'ಒರ್ದೊನಾನ್ಸ್' ಎನ್ನುತ್ತಾರೆ.

ಓ, ನಮ್ಮ ಸುಗ್ರೀವಾಜ್ಞೆ ಅಂದುಕೊಂಡಿರಾ? ಅಲ್ಲ! ನಮ್ಮಲ್ಲಿ ಆಜ್ಞೆ ಮೊದಲು, ಸಂಸತ್ತಿನ ಒಪ್ಪಿಗೆ ಆಮೇಲೆ. ಅಲ್ಲಿ ಅನುಮತಿ ಮೊದಲು. ಅಧಿವೇಶನ ನಡೆಯುತ್ತಿದ್ದರೂ ಅಡ್ಡಿಯಿಲ್ಲ!

ಇನ್ನೊಂದು ಸೋಜಿಗ ಕೇಳಿ. ಗಡುವು ಮುಗಿಯುವ ಮುನ್ನ ಅದೇ ವಿಷಯಕ್ಕೆ ಸಂಸದರೊಬ್ಬರು ತಿದ್ದುಪಡಿ ತಂದರೆ, ಸರ್ಕಾರ ಅದನ್ನು ತಡೆಯಬಹುದು. ಅಧಿಕಾರ ಕೊಟ್ಟವರಿಗೇ ಬಾಗಿಲು ಬಂದ್!

ಆಜ್ಞೆ ಉಳಿಯಬೇಕಾದರೆ ಅದನ್ನು ಅನುಮೋದಿಸುವ ಮಸೂದೆಯನ್ನು ಸರ್ಕಾರ ಗೊತ್ತುಪಡಿಸಿದ ದಿನದೊಳಗೆ ಮಂಡಿಸಬೇಕು. ಇಲ್ಲದಿದ್ದರೆ ಆಜ್ಞೆ ಬಿದ್ದುಹೋಗುತ್ತದೆ. ಆದರೆ ಮಂಡಿಸಿದರೆ ಸಾಕು! ಸಂಸತ್ತು ಆ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳದಿದ್ದರೂ ಆಜ್ಞೆ ಜಾರಿಯಲ್ಲೇ ಇರುತ್ತದೆ.

ಫ್ರೆಂಚ್ ಕಾರ್ಮಿಕರಿಗೆ ವರ್ಷಕ್ಕೆ ಐದನೇ ವಾರದ ಸಂಬಳಸಹಿತ ರಜೆ ಸಿಕ್ಕಿದ್ದು ಹೇಗೆ ಗೊತ್ತೇ? 1982ರ ಜನವರಿಯಲ್ಲಿ ಬಂದ ಇಂಥದೊಂದು ಆಜ್ಞೆಯಿಂದ! ವಾರಕ್ಕೆ 39 ಗಂಟೆಯ ದುಡಿಮೆಯೂ ಅದರಲ್ಲೇ ಬಂತು. ಅರುವತ್ತಕ್ಕೇ ನಿವೃತ್ತಿ ಎಂಬ ಆಜ್ಞೆ ಮಾರ್ಚ್‌ನಲ್ಲಿ ಹೊರಬಿತ್ತು.

ಎಲ್ಲಕ್ಕಿಂತ ರೋಚಕ ಕಥೆ 1986ರದು. ಅಧ್ಯಕ್ಷ ಮಿತ್ತೆರಾಂ ಎಡಪಂಥದವರು, ಪ್ರಧಾನಿ ಶಿರಾಕ್ ಬಲಪಂಥದವರು. 65 ಸರ್ಕಾರಿ ಕಂಪನಿಗಳ ಖಾಸಗೀಕರಣಕ್ಕೆ ಆಜ್ಞೆ ಸಿದ್ಧವಾಯಿತು. ಸಂಸತ್ತು ಅನುಮತಿಯನ್ನೂ ಕೊಟ್ಟಿತ್ತು. ಬೇಕಿದ್ದದ್ದು ಅಧ್ಯಕ್ಷರ ಸಹಿ ಒಂದೇ. ಜುಲೈ 14, ಅಂದರೆ ರಾಷ್ಟ್ರೀಯ ಹಬ್ಬದ ದಿನ, ಮಿತ್ತೆರಾಂ ಟಿ.ವಿ.ಯಲ್ಲೇ ಹೇಳಿಬಿಟ್ಟರು: ಸಹಿ ಹಾಕುವುದಿಲ್ಲ! ಶಿರಾಕ್ ಅದನ್ನೇ ಸಾಮಾನ್ಯ ಮಸೂದೆಯಾಗಿ ಸಂಸತ್ತಿಗೆ ಒಯ್ದರು. ಆಗಸ್ಟ್ 6ಕ್ಕೆ ಅದು ಕಾನೂನಾಯಿತು. ಅದೇ ವರ್ಷ ಮಿತ್ತೆರಾಂ ಇನ್ನೂ ಎರಡು ಸಲ ಹೀಗೇ ಸಹಿ ನಿರಾಕರಿಸಿದರು. ಅಧ್ಯಕ್ಷರಿಗೆ ಆ ಹಕ್ಕು ಇದೆಯೇ? ಫ್ರೆಂಚ್ ಕಾನೂನು ಪಂಡಿತರು ಈಗಲೂ ವಾದಿಸುತ್ತಲೇ ಇದ್ದಾರೆ!

2017ರಲ್ಲಿ ದೃಶ್ಯವೇ ಬೇರೆ. ಕಾರ್ಮಿಕ ಕಾನೂನನ್ನು ಬದಲಿಸುವ ಐದು ಆಜ್ಞೆಗಳಿಗೆ ಅಧ್ಯಕ್ಷ ಮ್ಯಾಕ್ರೋನ್ ಸಹಿ ಹಾಕಿದ್ದು ಟಿ.ವಿ. ಕ್ಯಾಮೆರಾಗಳ ಮುಂದೆ!

ಕೊರೊನಾ ಕಾಲದ ವೇಗ ನೋಡಿ. 2020ರ ಮಾರ್ಚ್ 23ರಂದು ಅಧಿಕಾರ ಕೈಗೆ ಬಂತು. 25ರಂದು ಒಂದೇ ಸಭೆಯಲ್ಲಿ 25 ಆಜ್ಞೆಗಳು!

1958ರ ಸಂವಿಧಾನಕ್ಕೂ ಹಿಂದಿದ್ದ 1946ರ ಸಂವಿಧಾನ ಇಂಥ ವಹಿಸಿಕೊಡುವಿಕೆಯನ್ನೇ ನಿಷೇಧಿಸಿತ್ತು. ಎರಡೇ ವರ್ಷದಲ್ಲಿ, 1948ರಲ್ಲಿ, ಆ ನಿಷೇಧವನ್ನು ತಪ್ಪಿಸಿಕೊಂಡು ಹೋಗುವ ದಾರಿ ಹುಡುಕಿದರು!

ಇಂಥ ಆಜ್ಞೆ ಒಬ್ಬನ ಜೀವಕ್ಕೇ ಬಂದದ್ದೂ ಉಂಟು. 1962ರಲ್ಲಿ ಜನಮತಗಣನೆ ನಡೆಯಿತು. ಆ ಸಲ ಅಧ್ಯಕ್ಷ ದ ಗಾಲ್‌ಗೆ ಅಧಿಕಾರ ವಹಿಸಿದ್ದು ಸಂಸತ್ತಲ್ಲ, ಜನರೇ. ಅವರು ಆಜ್ಞೆಯಿಂದ ವಿಶೇಷ ಸೇನಾ ನ್ಯಾಯಾಲಯ ತೆರೆದರು. ಅದು ಆಂದ್ರೆ ಕನಾಲ್ ಎಂಬಾತನಿಗೆ ಮರಣದಂಡನೆ ವಿಧಿಸಿತು. ಅಕ್ಟೋಬರ್ 19ರಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಆ ಆಜ್ಞೆಯನ್ನೇ ರದ್ದು ಮಾಡಿತು. ಮೇಲ್ಮನವಿಗೂ ಅವಕಾಶ ಕೊಡದ ನ್ಯಾಯಾಲಯ ಸಲ್ಲದು ಎಂದಿತು. ಮುಂದಿನ ಜನವರಿಯಲ್ಲಿ ಸಂಸತ್ತು ಹೊಸ ಕಾನೂನು ತಂದು, ಆ ಜನಮತಗಣನೆಯ ಬಲದಿಂದ ಹೊರಟಿದ್ದ ಆಜ್ಞೆಗಳಿಗೆ ಮತ್ತೆ ಬಲ ತುಂಬಿತು. ಅಷ್ಟರಲ್ಲಿ ಕನಾಲ್‌ನ ಶಿಕ್ಷೆ ಜೀವಾವಧಿಗೆ ಇಳಿದಾಗಿತ್ತು!