ಬಡವರೇಕೆ ಬಡವರು? ವಿಮೋಚನಾ ದೇವತಾಶಾಸ್ತ್ರದ ಪ್ರಶ್ನೆ

1980ರ ಮಾರ್ಚ್ 24ರ ಸಂಜೆ, ಎಲ್ ಸಾಲ್ವಡಾರ್ ದೇಶದ ರಾಜಧಾನಿಯ ಆಸ್ಪತ್ರೆಯೊಂದರ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಹಂತಕನ ಗುಂಡಿಗೆ ಬಲಿಯಾದರು. ಸ್ವಂತ ಜನರನ್ನು ಕೊಲ್ಲುವ ಆದೇಶವನ್ನು ಪಾಲಿಸಬೇಡಿ ಎಂದು ಹಿಂದಿನ ದಿನವಷ್ಟೇ ಅವರು ಸೈನಿಕರಿಗೆ ಕರೆ ನೀಡಿದ್ದರು. ರೊಮೆರೊ ಸಿದ್ಧಾಂತಿಯಾಗಿರಲಿಲ್ಲ. ಆದರೆ ಅಂದಿನ ಲ್ಯಾಟಿನ್ ಅಮೆರಿಕದಲ್ಲಿ ಬಡವರ ಪರ ದನಿಯೆತ್ತಿದ ಧರ್ಮಗುರುಗಳು ತೆತ್ತ ಬೆಲೆಗೆ ಅವರ ಸಾವು ಸಾಕ್ಷಿಯಾಯಿತು.

ಈ ದನಿಯ ಹಿಂದಿದ್ದುದು ವಿಮೋಚನಾ ದೇವತಾಶಾಸ್ತ್ರ. ಭೂಮಿ ಕೆಲವರ ಕೈಯಲ್ಲಿ, ಬಡತನ ಬಹುಜನರ ಪಾಲಿಗೆ ಎಂಬಂತಿದ್ದ ಆ ಖಂಡದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸಭೆ ಸೇರಿ, ಅನ್ಯಾಯದ ಸಮಾಜ ವ್ಯವಸ್ಥೆಯನ್ನು ಖಂಡಿಸಿದರು. 1971ರಲ್ಲಿ ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಜ್ ಬರೆದ ಗ್ರಂಥದಿಂದ ಈ ಚಿಂತನೆಗೆ ಹೆಸರು ಖಚಿತವಾಯಿತು.

ಇದರ ತಿರುಳು ಸರಳ. ಬಡತನ ವಿಧಿಲಿಖಿತವಲ್ಲ, ದೈವೇಚ್ಛೆಯೂ ಅಲ್ಲ; ಅದು ಮಾನವನಿರ್ಮಿತ. ಆದ್ದರಿಂದ ದಾನಧರ್ಮವಷ್ಟೇ ಸಾಲದು, ಕಾರಣವನ್ನೇ ನಿವಾರಿಸಬೇಕು. ಈಜಿಪ್ಟಿನ ದಾಸ್ಯದಿಂದ ಇಸ್ರೇಲರನ್ನು ಬಿಡಿಸಿದ ಬೈಬಲಿನ ದೇವರೇ ಇದಕ್ಕೆ ಆಧಾರ. ಬ್ರೆಜಿಲ್‌ನಲ್ಲಿ ರೈತರು, ಕಾರ್ಮಿಕರು ಸಣ್ಣ ಗುಂಪುಗಳಲ್ಲಿ ಕಲೆತು ಬೈಬಲ್ ಓದಿ, ಭೂಮಿ ಮತ್ತು ಕೂಲಿಯಂಥ ತಮ್ಮ ಸಮಸ್ಯೆಗಳನ್ನು ಅದರ ಬೆಳಕಿನಲ್ಲಿ ಚರ್ಚಿಸತೊಡಗಿದರು.

ವ್ಯಾಟಿಕನ್ ಆತಂಕಗೊಂಡಿತು. ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಜಿಂಗರ್ ಅವರ ನೇತೃತ್ವದಲ್ಲಿ 1984ರಲ್ಲಿ ಹೊರಬಂದ ಪ್ರಕಟಣೆ, ಮಾರ್ಕ್ಸ್‌ವಾದದ ಪರಿಕಲ್ಪನೆಗಳನ್ನು ವಿಮರ್ಶೆಯಿಲ್ಲದೆ ಎರವಲು ಪಡೆಯುವುದನ್ನು ಆಕ್ಷೇಪಿಸಿತು. ಬಡವರ ಬಗೆಗಿನ ಕಾಳಜಿಯನ್ನು ಅದು ತಳ್ಳಿಹಾಕಲಿಲ್ಲ. ಮರುವರ್ಷ ಬ್ರೆಜಿಲ್‌ನ ಲಿಯೊನಾರ್ಡೊ ಬಾಫ್ ಅವರಿಗೆ ಮೌನ ವಹಿಸುವಂತೆ ಸೂಚಿಸಲಾಯಿತು. ಸಮಾಜವನ್ನು ಅರಿಯುವ ಸಾಧನವಾಗಿಯಷ್ಟೇ ಆ ಪರಿಕಲ್ಪನೆಗಳನ್ನು ಬಳಸಿದ್ದೇವೆ ಎಂಬುದು ಪ್ರತಿಪಾದಕರ ಸಮರ್ಥನೆಯಾಗಿತ್ತು.

ಕಾಲಾಂತರದಲ್ಲಿ ಬಿಗುವು ಸಡಿಲಿತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಗುಟಿಯೆರೆಜ್ ಅವರನ್ನು ಭೇಟಿಯಾದರು. 2018ರಲ್ಲಿ ರೊಮೆರೊ ಅವರನ್ನು ಸಂತರೆಂದು ಘೋಷಿಸಿದರು. ಗುಟಿಯೆರೆಜ್ 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಭಾರತದಲ್ಲಿ ಈ ಚಿಂತನೆಗೆ ಎದುರಾದ ಪ್ರಶ್ನೆಯೇ ಬೇರೆ. ವರ್ಗದ ಲೆಕ್ಕಾಚಾರದಲ್ಲಿ ಜಾತಿ ಮರೆಯಾಗುತ್ತದೆ ಎಂದವರು ಅರವಿಂದ ಪಿ. ನಿರ್ಮಲ್. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅವರು ನೀಡಿದ ಉಪನ್ಯಾಸ ದಲಿತ ದೇವತಾಶಾಸ್ತ್ರಕ್ಕೆ ನಾಂದಿ ಹಾಡಿತು. ಬಡವನಿಗೆ ಅನ್ನ ನೀಡಿದರೆ ಸಾಕೇ, ಅವನು ಬಡವನಾದುದೇಕೆಂದು ಕೇಳಬೇಕೇ? ಧರ್ಮಸಂಸ್ಥೆಗಳ ಮುಂದೆ ಈ ಪ್ರಶ್ನೆ ಇಂದಿಗೂ ಉಳಿದಿದೆ.