ಭ್ರಾತೃತ್ವದ ಬಾಗಿಲು: ಬಾಂಬೆಯ ಒಂದು ಫ್ರೀಮೇಸನ್ ಲಾಡ್ಜ್ ಕಲಿಸುವ ಪಾಠ

ಜುಮಾ ನಮಾಝ್ ಮುಗಿದ ಮೇಲೆ ಕೆಲವು ಯುವಕರು ಮೊಬೈಲ್ ಹಿಡಿದು ನಮ್ಮ ಬಳಿ ಬರುತ್ತಾರೆ. ಪರದೆಯ ಮೇಲೆ ಒಂಟಿ ಕಣ್ಣು, ಮೂಲೆಮಟ್ಟ, ಕೈವಾರದ ಚಿತ್ರಗಳು. “ಹಝ್ರತ್, ಫ್ರೀಮೇಸನ್‌ಗಳು ದಜ್ಜಾಲನ ಕಡೆಯವರಂತೆ, ಜಗತ್ತನ್ನು ಗುಟ್ಟಾಗಿ ನಡೆಸುವವರು ಅವರೇ ಅಂತೆ, ಹೌದೇ?” ಎಂದು ಕೇಳುತ್ತಾರೆ. ಯಾರಾದರೂ ಸುದ್ದಿ ತಂದಾಗ ಮೊದಲು ವಿಚಾರಿಸಿ ನೋಡಿ, ಇಲ್ಲವಾದರೆ ತಿಳಿಯದೆ ಇತರರಿಗೆ ಅನ್ಯಾಯ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬುದು ಸೂರಃ ಅಲ್ ಹುಜುರಾತ್‌ನ 6ನೇ ವಚನದ ಬೋಧನೆ. ಆದ್ದರಿಂದ ಈ ಸಲ ನಾವು ವದಂತಿಯನ್ನು ಬದಿಗಿಟ್ಟು ಇತಿಹಾಸವನ್ನು ನೋಡೋಣ.

ಮೇಸನ್ ಎಂದರೆ ಕಲ್ಲು ಕೆಲಸದವನು. ಕಲ್ಲು ಕೆಲಸಗಾರರ ಉಪಕರಣಗಳನ್ನು ಸಂಕೇತಗಳಾಗಿ ಇಟ್ಟುಕೊಂಡು ಬ್ರಿಟನ್ನಿನಲ್ಲಿ ಬೆಳೆದ ಪುರುಷರ ಸಂಘ ಇದು. ಇಲ್ಲಿ ಲಾಡ್ಜ್ ಎಂದರೆ ತಂಗುವ ವಸತಿಗೃಹವಲ್ಲ, ಸದಸ್ಯರು ಸಭೆ ಸೇರುವ ಶಾಖೆ. 1717ರಲ್ಲಿ ಲಂಡನ್‌ನ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿದವು. ಈಸ್ಟ್ ಇಂಡಿಯಾ ಕಂಪೆನಿಯವರ ಜೊತೆಗೇ ಅದು ನಮ್ಮ ದೇಶಕ್ಕೂ ಬಂತು. 1730ರಲ್ಲಿ ಕಲ್ಕತ್ತಾದಲ್ಲಿ, ಆಮೇಲೆ ಮದ್ರಾಸ್ ಮತ್ತು ಬಾಂಬೆಯಲ್ಲಿ ಲಾಡ್ಜ್‌ಗಳು ಹುಟ್ಟಿಕೊಂಡವು.

ಹೊಸ ಲಾಡ್ಜ್ ಆರಂಭಿಸಲು ಗ್ರ್ಯಾಂಡ್ ಲಾಡ್ಜ್‌ನ ಅನುಮತಿ ಪತ್ರ ಬೇಕು. ಸದಸ್ಯನಾಗಲು ಬಯಸುವವನ ಬಗ್ಗೆ ಗುಪ್ತ ಮತದಾನ ನಡೆಯುತ್ತದೆ. ಬಿಳಿ ಗೋಲಿ ಹಾಕಿದರೆ ಒಪ್ಪಿಗೆ, ಕಪ್ಪು ಗೋಲಿ ಹಾಕಿದರೆ ನಿರಾಕರಣೆ. ಜಾತಿ, ಮತ, ದೇಶ ನೋಡದ ವಿಶ್ವಭ್ರಾತೃತ್ವ ಅವರ ಘೋಷಣೆ. ಸೃಷ್ಟಿಕರ್ತನಲ್ಲಿ ನಂಬಿಕೆ ಇದ್ದರೆ ಸಾಕು ಎನ್ನುತ್ತಿದ್ದರು.

ಆದರೆ ನಡೆದದ್ದೇನು? 18ನೇ ಶತಮಾನದಲ್ಲಿ ಆರ್ಕಾಟ್ ನವಾಬರ ಮಗ ಉಮ್ದತುಲ್ ಉಮರಾ ಅವರಿಗೆ ತಿರುಚಿನಾಪಳ್ಳಿಯಲ್ಲಿ ಈ ಬಾಗಿಲು ತೆರೆಯಿತು. ಅವರು ರಾಜಕುಮಾರ, ಕಂಪೆನಿಗೆ ಬೇಕಾದವರು. ಬಾಂಬೆಯ ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿಯವರ ಅನುಭವವೇ ಬೇರೆ. ವಿದ್ಯಾವಂತರಾಗಿದ್ದ ಅವರು ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದು ಹೆಸರಾದವರು. ಇಂಗ್ಲೆಂಡಿನಲ್ಲಿ ಅವರಿಗೆ ಪ್ರವೇಶ ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ಸದಸ್ಯರಾಗಿ ಊರಿಗೆ ಮರಳಿದರೆ ಬಾಂಬೆಯ ಯುರೋಪಿಯನ್ನರ ಲಾಡ್ಜ್ ಕೂಡ ಅವರನ್ನು ಸೇರಿಸಿಕೊಳ್ಳಲಿಲ್ಲ. ಭ್ರಾತೃತ್ವ ಎಂಬ ಮಾತು ಬಾಗಿಲಿನ ಹೊರಗೇ ನಿಂತಿತು.

ಆಗ ಜೇಮ್ಸ್ ಬರ್ನ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಮುಂದೆ ಬಂದರು. ಪಶ್ಚಿಮ ಭಾರತದ ಸ್ಕಾಟಿಷ್ ಲಾಡ್ಜ್‌ಗಳ ಹೊಣೆ ಅವರ ಮೇಲಿತ್ತು. 1843ರಲ್ಲಿ ಅವರು ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜನ್ನು ಭಾರತೀಯರಿಗಾಗಿಯೇ ಸ್ಥಾಪಿಸಿದರು. ಅದರ ಆರಂಭದ ಸದಸ್ಯರಲ್ಲಿ ಪಾರ್ಸಿಗಳಿದ್ದರು, ಮುಸ್ಲಿಮರೂ ಇದ್ದರು. ಬರ್ನ್ಸ್‌ರ ಕೆಲಸವನ್ನು ಮೆಚ್ಚಬೇಕು. ಆದರೂ ಒಂದು ಮಾತು ಗಮನಿಸಿ: ಹಳೆಯ ಬಾಗಿಲು ತೆರೆಯಲಿಲ್ಲ, ಪಕ್ಕದಲ್ಲಿ ಬೇರೊಂದು ಬಾಗಿಲು ಇಡಬೇಕಾಯಿತು. ಕಲ್ಕತ್ತಾದಲ್ಲಿ ಪ್ರಸನ್ನಕುಮಾರ್ ದತ್ತ ಎಂಬ ಹಿಂದೂ ಗೃಹಸ್ಥರು ಸದಸ್ಯತ್ವಕ್ಕಾಗಿ 1863ರಿಂದ 1872ರವರೆಗೆ ಹೋರಾಡಬೇಕಾಯಿತು.

ಕಾಲ ಬದಲಾಯಿತು. 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾದವರು ರಾಂಪುರದ ನವಾಬ ರಝಾ ಅಲಿ ಖಾನ್. ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಫ್ರೀಮೇಸನ್‌ಗಳ ಕಟ್ಟಡ ಇಂದಿಗೂ ಎಲ್ಲರ ಕಣ್ಣೆದುರಿಗೇ ಇದೆ. ವೀಡಿಯೋಗಳಲ್ಲಿ ಕಾಣುವ ದಜ್ಜಾಲನ ಸೈನ್ಯ ಈ ಇತಿಹಾಸದಲ್ಲಿ ಕಾಣುವುದಿಲ್ಲ. ಕಾಣುವುದು ಸಮಾನತೆಯ ಮಾತಾಡಿ ಮೈಬಣ್ಣ ನೋಡಿದ ಮನುಷ್ಯರು.

ಹಾಗಾದರೆ ಮುಸ್ಲಿಮನು ಇದರಲ್ಲಿ ಸೇರಬಹುದೇ? ಮಕ್ಕಾದ ಫಿಕ್ಹ್ ಪರಿಷತ್ತು 1978ರಲ್ಲಿ ಇದಕ್ಕೆ ಅನುಮತಿಯಿಲ್ಲ ಎಂದು ತೀರ್ಮಾನಿಸಿದೆ. ನಮ್ಮ ಸಲಹೆಯೂ ದೂರವಿರಿ ಎಂಬುದೇ. ಒಳಗೆ ಏನಿದೆಯೆಂದು ತಿಳಿಯುವ ಮೊದಲೇ ಗುಟ್ಟು ಕಾಯುವ ಪ್ರತಿಜ್ಞೆ ಮಾಡುವುದು ಸತ್ಯವಿಶ್ವಾಸಿಗೆ ತಕ್ಕುದಲ್ಲ. ದಾನ, ಸತ್ಕಾರ್ಯ, ಜನರ ನಡುವಿನ ಸಂಧಾನ ಇವುಗಳಿಗಾಗಿ ನಡೆಯುವುದನ್ನು ಬಿಟ್ಟರೆ ಹೆಚ್ಚಿನ ಗುಪ್ತ ಸಮಾಲೋಚನೆಗಳಲ್ಲಿ ಒಳಿತಿಲ್ಲ ಎಂದು ಸೂರಃ ಅನ್ನಿಸಾದ 114ನೇ ವಚನ ತಿಳಿಸುತ್ತದೆ. ಆದರೆ ದೂರವಿರುವುದು ಬೇರೆ, ಸುಳ್ಳು ಹರಡುವುದು ಬೇರೆ.

ನಮ್ಮ ಪ್ರವಾದಿ(ಸ)ಯವರು ಭಾಗವಹಿಸಿದ ಒಂದು ಒಪ್ಪಂದವನ್ನು ನೆನಪಿಸಿಕೊಳ್ಳಿ. ಯಮನ್‌ನಿಂದ ಬಂದ ವ್ಯಾಪಾರಿಯೊಬ್ಬನಿಗೆ ಮಕ್ಕಾದ ಪ್ರಮುಖನೊಬ್ಬ ಸರಕಿನ ಹಣ ಕೊಡಲಿಲ್ಲ. ಆತ ಅಬೂ ಕುಬೈಸ್ ಬೆಟ್ಟವೇರಿ ಮೊರೆಯಿಟ್ಟ. ಆಗ ಕುರೈಶರ ಕೆಲವು ಗೋತ್ರದವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಊರವನಿರಲಿ ಪರವೂರಿನವನಿರಲಿ, ಅನ್ಯಾಯಕ್ಕೊಳಗಾದವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಅದಕ್ಕೆ ಯಾರಾದರೂ ಕರೆದರೆ ಇಸ್ಲಾಮಿನ ಕಾಲದಲ್ಲೂ ತಾನು ಓಗೊಡುವೆನೆಂದು ಪ್ರವಾದಿ(ಸ) ಮುಂದೆ ಹೇಳಿದ್ದರು. ಅಲ್ಲಿ ಕಪ್ಪು ಗೋಲಿ ಇರಲಿಲ್ಲ. ದಿಕ್ಕಿಲ್ಲದ ಪರದೇಶಿಗಾಗಿಯೇ ಆ ಬಾಗಿಲು ತೆರೆದಿತ್ತು.

ಇನ್ನು ನಮ್ಮ ಮನೆಯ ಕಡೆ ನೋಡೋಣ. ನಾವು ನಮಾಝಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಸಲಾಮ್ ಹೇಳಿ ಹೊರಬಂದ ಮೇಲೆ? ಕೆಲಸ ಹುಡುಕಿ ಬಂದ ಪರವೂರಿನ ಕಾರ್ಮಿಕನಿಗೆ ಜಮಾಅತ್‌ನಲ್ಲಿ ಸದಸ್ಯತ್ವ ಇದೆಯೇ? ವಧು ನೋಡುವಾಗ ಕುಲ, ಕಸುಬು ಕೇಳಿ ಹಿಂದೆ ಸರಿದಿಲ್ಲವೇ? ಬಡವನ ಜನಾಝಕ್ಕೂ ಶ್ರೀಮಂತನ ಜನಾಝಕ್ಕೂ ಒಂದೇ ಸಂಖ್ಯೆಯ ಜನ ಸೇರುತ್ತಾರೆಯೇ? ನಾವು ಗೋಲಿ ಹಾಕುವುದಿಲ್ಲ, ನಿಜ. ಮೌನವಾಗಿ ಮುಖ ತಿರುಗಿಸುತ್ತೇವೆ. ಕೆಲಸ ಒಂದೇ.

ಅಲ್ಲಾಹನ ಬಳಿ ಗೌರವದ ಅಳತೆ ತಕ್ವಾ ಮಾತ್ರ. ಈ ವಾರ ನಿಮ್ಮ ಮಸೀದಿಯ ಕೊನೆಯ ಸಫ್‌ನಲ್ಲಿ ನಿಂತು ಯಾರೊಡನೆಯೂ ಮಾತಾಡದೆ ಹೋಗುವ ಒಬ್ಬರನ್ನಾದರೂ ಹೆಸರು ಕೇಳಿ, ಮನೆಗೆ ಊಟಕ್ಕೆ ಕರೆಯಿರಿ. ಅಲ್ಲಾಹನು ನಮ್ಮ ಹೃದಯಗಳನ್ನೂ ಬಾಗಿಲುಗಳನ್ನೂ ತೆರೆದಿಡಲಿ. ಆಮೀನ್.